ಎದೆ ಡವಡವ ಎನ್ನುವುದು ಯಾರಿಗಾಗಿ?

ಕೆಲವು ತಿಂಗಳ ಹಿಂದೆ ಪ್ರೌಢಶಾಲೆಯ ಶಿಕ್ಷಕಿಯೊಬ್ಬರು ನನ್ನ ಕ್ಲಿನಿಕ್ಕಿಗೆ ಬಂದರು. ವಯಸ್ಸು 48. ಎದೆ ಡವಡವ ಎನ್ನುತ್ತದೆ, ರಾತ್ರಿ ನಿದ್ರೆ ಬರುವುದಿಲ್ಲ, ಬೆಳಿಗ್ಗೆ ಕಣ್ಣುರಿ, ಎರಡನೆಯ ಪೀರಿಯಡ್ ಮುಗಿಯುವ ಹೊತ್ತಿಗೆ ಕಾಲಲ್ಲಿ ಶಕ್ತಿಯೇ ಇರುವುದಿಲ್ಲ. ಇವು ಅವರ ದೂರುಗಳು. ನಾಡಿ ನಿಮಿಷಕ್ಕೆ 98 ಇತ್ತು. ರಕ್ತದೊತ್ತಡ ಸರಿಯಾಗಿತ್ತು. ಇ.ಸಿ.ಜಿ.ಯಲ್ಲಿ ಬಡಿತ ಸ್ವಲ್ಪ ಚುರುಕು ಎನ್ನುವುದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಈ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಮುನ್ನವೂ ಹೀಗೆ ಎದೆ ಹೊಡೆದುಕೊಳ್ಳುವುದುಂಟು, ಥೈರಾಯ್ಡ್ ಹೆಚ್ಚಾದರೂ ಉಂಟು. ಪರೀಕ್ಷೆ ಮಾಡಿಸಿದೆವು. ಥೈರಾಯ್ಡ್ ಸರಿಯಿತ್ತು, ಸಕ್ಕರೆ ಸರಿಯಿತ್ತು, ಹಿಮೋಗ್ಲೋಬಿನ್ ಮಾತ್ರ 9.8ಕ್ಕೆ ಇಳಿದಿತ್ತು. ಕಬ್ಬಿಣಾಂಶದ ಮಾತ್ರೆ ಬರೆದೆ. ಜೊತೆಗೆ ಹತ್ತು ದಿನಕ್ಕೆಂದು ಕಡಿಮೆ ಪ್ರಮಾಣದ ನಿದ್ರೆ ಮಾತ್ರೆಯನ್ನೂ ಬರೆದೆ.

ಆ ನಿದ್ರೆ ಮಾತ್ರೆ ಬರೆದದ್ದು ನನ್ನ ತಪ್ಪು. ನಿದ್ರೆ ಬರುವುದಿಲ್ಲ ಎಂದವರನ್ನು ಮೊದಲು ಕೇಳಬೇಕಾದ ಪ್ರಶ್ನೆ ‘ಎಷ್ಟು ಗಂಟೆಗೆ ಮಲಗುತ್ತೀರಿ?’ ಎಂಬುದು. ಹೊರಗೆ ಹದಿನೈದು ಜನ ಕಾಯುತ್ತಿದ್ದರು. ನಾನದನ್ನು ಕೇಳಲಿಲ್ಲ.

ಎರಡು ವಾರ ಕಳೆದು ಅವರು ಯಜಮಾನರೊಂದಿಗೆ ಬಂದರು. ಯಜಮಾನರು ಕೂರುವ ಮೊದಲೇ ಹೆಂಡತಿಯ ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟರು. ‘ಡಾಕ್ಟ್ರೇ, ಕಾಯಿಲೆ ಇದರೊಳಗಿದೆ ನೋಡಿ. ಈ ವಯಸ್ಸಲ್ಲಿ ರಾತ್ರಿ ಎರಡು ಗಂಟೆವರೆಗೆ ಕೂತು, ಹುಡುಗರು ಹುಡುಗರನ್ನೇ ಪ್ರೀತಿಸೋ ಕತೆ ನೋಡ್ತಾಳೆ. ನೋಡಿ ಅಳ್ತಾಳೆ. ಅದೂ ಥಾಯ್ಲೆಂಡಿನವರದು! ತಲೆ ಸರಿ ಇದೆಯಾ ಒಂದ್ಸಲ ನೋಡಿ’ ಎಂದರು. ಟೀಚರ್ ತಲೆ ಬಗ್ಗಿಸಿ ಕುಳಿತಿದ್ದರು. ನಲವತ್ತೈವತ್ತು ಮಕ್ಕಳನ್ನು ಒಂದೇ ನೋಟದಲ್ಲಿ ಸುಮ್ಮನಾಗಿಸುವ ಹೆಂಗಸು, ತಪ್ಪು ಮಾಡಿ ಸಿಕ್ಕಿಬಿದ್ದ ವಿದ್ಯಾರ್ಥಿನಿಯಂತೆ ಸೆರಗಿನ ಅಂಚು ತಿರುವುತ್ತಿದ್ದರು.

ಯಜಮಾನರ ರಕ್ತದೊತ್ತಡವನ್ನೂ ಒಮ್ಮೆ ನೋಡಿಸೋಣವೆಂದು ಅವರನ್ನು ಪಕ್ಕದ ಕೋಣೆಗೆ ಸಿಸ್ಟರ್ ಬಳಿ ಕಳಿಸಿದೆ. (ಅಲ್ಲಿ ಅದು 150/96 ಬಂದದ್ದು ಬೇರೆ ಕತೆ.) ಆಮೇಲೆ ಟೀಚರ್ ಮಾತಾಡಿದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿ, ಇದನ್ನು ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಇದು ಅವರೊಬ್ಬರ ಮನೆಯ ಕತೆಯಲ್ಲ. ನಿಮ್ಮ ಮನೆಯಲ್ಲೂ ಮಗಳೋ, ತಂಗಿಯೋ, ಬಹುಶಃ ನೀವೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹೊದಿಕೆಯೊಳಗೆ ಇದನ್ನೇ ನೋಡುತ್ತಿರಬಹುದು.

ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಇಬ್ಬರು ಹುಡುಗರ ನಡುವಿನ ಪ್ರೇಮದ ಕತೆಗಳನ್ನು ಹೆಣ್ಣುಮಕ್ಕಳೇ ಬರೆದು ಹೆಣ್ಣುಮಕ್ಕಳೇ ಓದುವ ರೂಢಿ 1970ರ ದಶಕದಲ್ಲಿ ಜಪಾನಿನ ಚಿತ್ರಕತೆ ಪುಸ್ತಕಗಳಲ್ಲಿ ಬೆಳೆಯಿತು. ಅದು ಥಾಯ್ಲೆಂಡಿಗೆ ಹೋಗಿ, ಅಲ್ಲಿನ ಹುಡುಗಿಯರು ಅಂತರಜಾಲದಲ್ಲಿ ಬರೆದ ಕಾದಂಬರಿಗಳಾಯಿತು. ಆ ಕಾದಂಬರಿಗಳು ಟಿ.ವಿ. ಧಾರಾವಾಹಿಗಳಾದವು. 2014ರ ‘ಲವ್ ಸಿಕ್’ ಮೊದಲನೆಯದೆಂದು ಸಾಮಾನ್ಯವಾಗಿ ಹೇಳುತ್ತಾರೆ. 2016ರಲ್ಲಿ ಇಂಜಿನಿಯರಿಂಗ್ ಕಾಲೇಜಿನ ಸೀನಿಯರ್-ಜೂನಿಯರ್ ಕಟ್ಟುಪಾಡುಗಳ ಸುತ್ತ ಹೆಣೆದ ‘ಸೋಟಸ್’ ಬಂತು. 2020ರ ಫೆಬ್ರುವರಿಯಲ್ಲಿ ಶುರುವಾದ ‘2ಗೆದರ್’ ಇದ್ದಕ್ಕಿದ್ದಂತೆ ಪ್ರಪಂಚವನ್ನೆಲ್ಲ ಸುತ್ತಿಬಂತು. ಬೆನ್ನು ಹತ್ತಿದವನಿಂದ ತಪ್ಪಿಸಿಕೊಳ್ಳಲು ಒಬ್ಬ ಕಾಲೇಜು ಹುಡುಗ, ‘ಸುಮ್ಮನೆ ನನ್ನ ಪ್ರೇಮಿಯ ಹಾಗೆ ನಟಿಸು’ ಎಂದು ಇನ್ನೊಬ್ಬನ ಕಾಡುತ್ತಾನೆ. ನಟನೆ ನಿಜವಾಗುತ್ತದೆ. ಇಷ್ಟೇ ಕತೆ. ಆದರೆ ಅದು ಬಂದ ಹೊತ್ತು ನೋಡಿ: ಕೋವಿಡ್ ಬಂದು ಊರೂರೇ ಬಾಗಿಲು ಹಾಕಿಕೊಂಡಿದ್ದ ಸಮಯ. ಯೂಟ್ಯೂಬಿನಲ್ಲಿ ಪುಕ್ಕಟೆ, ಕೆಳಗೆ ಇಂಗ್ಲಿಷ್ ಅಕ್ಷರ. ಆನ್‌ಲೈನ್ ಪಾಠಕ್ಕೆಂದು ನಮ್ಮ ಟೀಚರಿಗೆ ಮೊದಲ ಸಲ ಸ್ವಂತದ್ದೊಂದು ದೊಡ್ಡ ಮೊಬೈಲ್ ಬಂದದ್ದೂ ಆಗಲೇ.

‘ಯಾಕೆ ಇದೇ ಬೇಕು? ನಮ್ಮ ಕನ್ನಡದಲ್ಲಿ ಸಂಜೆ ಆರರಿಂದ ಹತ್ತರವರೆಗೆ ಧಾರಾವಾಹಿ ಇವೆಯಲ್ಲ?’ ಎಂದು ಕೇಳಿದೆ.

ಅವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದ್ದು ಹೀಗೆ: ‘ನಮ್ಮ ಧಾರಾವಾಹೀಲಿ ಸೊಸೆ ಅಳೋದು ನೋಡಿದ್ರೆ ನಂಗೆ ನನ್ನ ಅಡುಗೆಮನೇನೇ ನೆನಪಾಗುತ್ತೆ ಡಾಕ್ಟ್ರೇ. ಇಲ್ಲಿ ಅಡುಗೆ ಮಾಡೋನೂ ಗಂಡಸು, ಮುನಿಸಿಕೊಳ್ಳೋನೂ ಗಂಡಸು, ತಪ್ಪಾಯ್ತು ಅಂತ ಕೇಳೋನೂ ಗಂಡಸೇ. ನೋಡ್ತಾ ಇದ್ರೆ ನನ್ನ ಪಾಡಿಗೆ ನಾನು ಹಾಯಾಗಿರ್ತೀನಿ. ಯಾರ ಜೊತೆಗೂ ನನ್ನನ್ನ ಹೋಲಿಸಿಕೊಳ್ಳೋ ಹಾಗೇ ಇಲ್ಲ.’

ನಾನು ಪೆನ್ನು ಕೆಳಗಿಟ್ಟೆ. ಹೆಂಗಸರು ಈ ಕತೆಗಳನ್ನು ಏಕೆ ಇಷ್ಟಪಡುತ್ತಾರೆ ಎಂದು ವಿಶ್ವವಿದ್ಯಾಲಯಗಳಲ್ಲಿ ಪ್ರಬಂಧಗಳನ್ನು ಬರೆದವರಿದ್ದಾರೆ. ಅವರು ಪುಟಗಟ್ಟಲೆ ಹೇಳುವುದನ್ನು ಈ ತಾಯಿ ಅಡುಗೆಮನೆಯ ಒಂದು ಮಾತಿನಲ್ಲಿ ಹೇಳಿ ಮುಗಿಸಿದ್ದರು.

ಈಗ ಎದೆ ಡವಡವದ ವಿಷಯಕ್ಕೆ ಬರೋಣ. ಪರದೆಯ ಮೇಲೆ ಇಬ್ಬರು ಮಾತಾಡದೆ ಒಬ್ಬರನ್ನೊಬ್ಬರು ನೋಡುತ್ತ ನಿಂತಿದ್ದಾರೆ. ನೋಡುವವರ ಕೈ ತಣ್ಣಗಾಗುತ್ತದೆ, ಹೊಟ್ಟೆಯಲ್ಲಿ ಏನೋ ಆಡಿದಂತಾಗುತ್ತದೆ, ನಾಡಿ ಏರುತ್ತದೆ. ಇದು ಹುಚ್ಚಲ್ಲ, ವಯಸ್ಸಿಗೆ ತಕ್ಕದ್ದಲ್ಲದ ಚಪಲವೂ ಅಲ್ಲ. ಇದು ಕತೆ ಎಂದು ಮೆದುಳಿಗೆ ಗೊತ್ತು. ಮೂತ್ರಪಿಂಡದ ಮೇಲೆ ಕುಳಿತಿರುವ ಪುಟ್ಟ ಅಡ್ರಿನಲ್ ಗ್ರಂಥಿಗೆ ಅದು ಗೊತ್ತಿಲ್ಲ. ಆಸೆ, ಆತಂಕ, ನಿರೀಕ್ಷೆ ಯಾವುದೇ ಬಂದರೂ ಅದು ತನ್ನ ರಸವನ್ನು ರಕ್ತಕ್ಕೆ ಬಿಡುತ್ತದೆ. ಕ್ರಿಕೆಟ್ಟಿನ ಕೊನೆಯ ಓವರಿನಲ್ಲಿ ಯಜಮಾನರ ಎದೆಯೂ ಹೀಗೇ ಹೊಡೆದುಕೊಳ್ಳುತ್ತದೆ. ಅದನ್ನು ಕಾಯಿಲೆ ಎಂದು ಯಾರೂ ನನ್ನ ಬಳಿಗೆ ಕರೆತಂದಿಲ್ಲ.

ಟೀಚರಿಗೆ ತೊಂದರೆಯಾದದ್ದು ಬೇರೆ ಕಡೆ. ಈ ಧಾರಾವಾಹಿಗಳು ಥಾಯ್ಲೆಂಡಿನಲ್ಲಿ ವಾರಕ್ಕೊಂದು ಕಂತು ಬರುವಂಥವು. ಒಂದು ಕಂತು ಸುಮಾರು ಮುಕ್ಕಾಲು ಗಂಟೆ. ಅಲ್ಲಿನ ನೋಡುಗರು ಒಂದು ಕಂತು ನೋಡಿ, ಆರು ದಿನ ಅದನ್ನೇ ಮೆಲುಕು ಹಾಕಿ, ಏಳನೆಯ ದಿನ ಮುಂದಿನದಕ್ಕೆ ಕೂರುತ್ತಾರೆ. ಇವರಿಗೆ ಸಿಕ್ಕಿದ್ದು ಆಗಲೇ ಮುಗಿದ ಧಾರಾವಾಹಿಗಳು. ಒಂದು ಮುಗಿದರೆ ಮುಂದಿನದು ತಾನಾಗಿಯೇ ಶುರು. ‘2ಗೆದರ್’ನ 13 ಕಂತುಗಳನ್ನು, ಅಂದರೆ ಹದಿಮೂರು ವಾರಗಳನ್ನು, ಅವರು ಮೂರು ರಾತ್ರಿಯಲ್ಲಿ ಮುಗಿಸಿದ್ದರು. ವಾರಕ್ಕೊಂದು ನುಂಗಿ ಎಂದು ಬರೆದ ಮಾತ್ರೆಯ ಇಡೀ ಡಬ್ಬಿಯನ್ನು ಒಟ್ಟಿಗೆ ನುಂಗಿದರೆ ಹೇಗೋ ಹಾಗೆ. ಮನೆಗೆಲಸ ಮುಗಿಯುವುದು ರಾತ್ರಿ ಹತ್ತೂವರೆಗೆ. ಆಮೇಲೆ ಎಚ್ಚರವಿರಬೇಕಲ್ಲ, ಅದಕ್ಕೆ ಒಂದು ಲೋಟ ಫಿಲ್ಟರ್ ಕಾಫಿ. ಮಧ್ಯರಾತ್ರಿ ಇನ್ನರ್ಧ ಲೋಟ. ಕುಡಿದ ಕಾಫಿಯ ಕೆಫೀನು ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಜೊತೆಗೆ ಕಣ್ಣಿನಿಂದ ಒಂದು ಗೇಣು ದೂರದಲ್ಲಿ ಉರಿಯುವ ಪರದೆ. ನಿದ್ರೆ ತರಿಸುವ ಮೆಲಟೋನಿನ್ ಎಂಬ ರಸ ಕತ್ತಲೆಯನ್ನು ಬಯಸುತ್ತದೆ, ಬೆಳಕಿದ್ದರೆ ಹಿಂದೆ ಸರಿಯುತ್ತದೆ. ಎರಡು ಗಂಟೆಗೆ ಮಲಗಿ ಐದೂವರೆಗೆ ಎದ್ದು ನೀರು ಹಿಡಿಯುವ ಹೆಂಗಸಿಗೆ, ಅದೂ 9.8 ಹಿಮೋಗ್ಲೋಬಿನ್ ಇಟ್ಟುಕೊಂಡು, ಎದೆ ಡವಡವ ಎನ್ನದೆ ಇನ್ನೇನಾದೀತು? ಇಂಥವರಿಗೆ ನಾನು ಕೊಟ್ಟಿದ್ದು ನಿದ್ರೆ ಮಾತ್ರೆ!

ಇಷ್ಟಾದರೆ ವಿಷಯ ಸುಲಭ. ಮೊಬೈಲ್ ದೂರ ಇಡಿ, ಕಾಫಿ ಬಿಡಿ ಎಂದು ಹೇಳಿ ಕಳಿಸಬಹುದಿತ್ತು. ಹಾಗೆ ಹೇಳಲು ಬಾಯಿ ತೆರೆದಿದ್ದೆ ಕೂಡ. ಅಷ್ಟರಲ್ಲಿ ಅವರು ಒಂದು ಪ್ರಶ್ನೆ ಕೇಳಿದರು. ‘ಡಾಕ್ಟ್ರೇ, ಒಬ್ಬರ ಹೃದಯ ಇನ್ನೊಬ್ಬರಿಗೆ ಹಾಕಿದ್ರೆ, ಆ ಹೃದಯದಲ್ಲಿದ್ದ ಪ್ರೀತಿಯೂ ಬರುತ್ತಾ?’

ಅವರು ಕೇಳಿದ್ದು 2021ರಲ್ಲಿ ಬಂದ ‘ಎ ಟೇಲ್ ಆಫ್ ಥೌಸಂಡ್ ಸ್ಟಾರ್ಸ್’ ಎಂಬ ಧಾರಾವಾಹಿಯ ಬಗ್ಗೆ. ಶ್ರೀಮಂತರ ಮನೆಯ ಹುಡುಗ ಥಿಯನ್, ಹೃದಯ ಕೆಟ್ಟು ಸಾವಿನ ಅಂಚಿನಲ್ಲಿದ್ದಾನೆ. ಥೋರ್ಫನ್ ಎಂಬ ಹುಡುಗಿ ಅಪಘಾತದಲ್ಲಿ ತೀರಿಕೊಳ್ಳುತ್ತಾಳೆ. ಅವಳ ಹೃದಯವನ್ನು ಇವನಿಗೆ ಜೋಡಿಸುತ್ತಾರೆ. ಆಕೆ ಥಾಯ್ಲೆಂಡಿನ ಉತ್ತರದ ಬೆಟ್ಟದ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು. ಅವಳ ದಿನಚರಿ ಪುಸ್ತಕ ಹುಡುಗನ ಕೈಗೆ ಸಿಗುತ್ತದೆ. ಅಲ್ಲಿನ ಅರಣ್ಯಾಧಿಕಾರಿಯೊಂದಿಗೆ ಬೆಟ್ಟದ ತುದಿಯಲ್ಲಿ ಸಾವಿರ ನಕ್ಷತ್ರ ಎಣಿಸಬೇಕೆಂಬ ಆಸೆ ಅವಳಿಗಿತ್ತು. ಹುಡುಗ ಯಾರಿಗೂ ನಿಜ ಹೇಳದೆ ಅದೇ ಹಳ್ಳಿಗೆ ಮೇಷ್ಟ್ರಾಗಿ ಹೋಗುತ್ತಾನೆ. ಆ ಅಧಿಕಾರಿಯ ಎದುರು ನಿಂತಾಗ ಅವನ ಎದೆ ಹೊಡೆದುಕೊಳ್ಳುತ್ತದೆ. ಯಾರ ಎದೆ? ಅವನದೋ, ಅವಳದೋ?

ಟೀಚರ್ ಹೆಚ್ಚು ಅತ್ತದ್ದು ಇದಕ್ಕೇ. ಹುಡುಗ ಆ ದಿನಚರಿಯನ್ನು ಓದುವ ಭಾಗವನ್ನು ಎಷ್ಟು ಸಲ ನೋಡಿದ್ದರೋ ಅವರಿಗೇ ಲೆಕ್ಕವಿರಲಿಲ್ಲ. ಕಂತು ಮುಂದೆ ಹೋಗುತ್ತಿರಲಿಲ್ಲ. ಮತ್ತೆ ಹಿಂದಕ್ಕೆ, ಮತ್ತೆ ಅದೇ.

ನಾನು ವೈದ್ಯರ ಉತ್ತರವನ್ನೇ ಕೊಟ್ಟೆ. ಹೃದಯ ಕಸಿ ಮಾಡುವಾಗ ದೊಡ್ಡ ರಕ್ತನಾಳಗಳನ್ನು ಹೊಲಿಯುತ್ತಾರೆ, ನರಗಳನ್ನು ಜೋಡಿಸುವುದಿಲ್ಲ. ನಮ್ಮ ನಿಮ್ಮ ಹೃದಯಕ್ಕೆ ‘ನಿಧಾನ’ ಎಂದು ಸದಾ ಲಗಾಮು ಹಾಕುವ ವೇಗಸ್ ಎಂಬ ನರವಿದೆ. ಕಸಿಯಾದ ಹೃದಯಕ್ಕೆ ಅದು ತಪ್ಪಿಹೋಗುವುದರಿಂದ ಸುಮ್ಮನೆ ಕುಳಿತಿದ್ದಾಗಲೂ ಅದು ನಿಮಿಷಕ್ಕೆ 90ರಿಂದ 110 ಸಲ ಬಡಿಯುತ್ತದೆ. ಹಾಗೆಯೇ, ಪ್ರೀತಿಪಾತ್ರರು ಬಾಗಿಲಲ್ಲಿ ಕಂಡ ಕೂಡಲೇ ನಮ್ಮ ಎದೆ ಧಸಕ್ಕೆನ್ನುವುದು ನರಗಳ ಮೂಲಕ. ಕಸಿಯಾದ ಹೃದಯಕ್ಕೆ ಆ ತಂತಿ ಸುದ್ದಿ ಮುಟ್ಟುವುದಿಲ್ಲ. ಅಡ್ರಿನಲಿನ್ ರಕ್ತದಲ್ಲಿ ಹರಿದು ಅಲ್ಲಿಗೆ ತಲುಪಬೇಕು. ಅದಕ್ಕೆ ಸ್ವಲ್ಪ ಹೊತ್ತು ಬೇಕು. ತಂತಿ ಬಾರದ ಊರಿಗೆ ಅಂಚೆಯಲ್ಲಿ ಕಾಗದ ಬಂದ ಹಾಗೆ. ಕೆಲವರಲ್ಲಿ ವರ್ಷಗಳ ಮೇಲೆ ಒಂದಿಷ್ಟು ನರ ಮತ್ತೆ ಚಿಗುರುವುದುಂಟು. ಇನ್ನು ನೆನಪು, ಪ್ರೀತಿ ಇರುವುದೆಲ್ಲ ಮೆದುಳಿನಲ್ಲಿ. ಹೃದಯ ಒಂದು ಪಂಪು, ಅದ್ಭುತವಾದ ಪಂಪು. ಕಸಿ ಮಾಡಿಸಿಕೊಂಡವರು ದೇಹ ಅದನ್ನು ತಿರಸ್ಕರಿಸದಂತೆ ಜೀವನಪೂರ್ತಿ ಮಾತ್ರೆ ನುಂಗಬೇಕು. ಆ ಮಾತ್ರೆಗಳು ಸೋಂಕು ತಡೆಯುವ ಶಕ್ತಿಯನ್ನು ತಗ್ಗಿಸುತ್ತವೆ. ನನ್ನ ರೋಗಿಯಾಗಿದ್ದರೆ ಆ ಹುಡುಗ ಕಸಿಯಾದ ಸ್ವಲ್ಪ ದಿನಕ್ಕೇ ಆಸ್ಪತ್ರೆಯಿಲ್ಲದ ಬೆಟ್ಟದ ಹಳ್ಳಿಗೆ ಹೊರಟು ನಿಂತಾಗ ನಾನಂತೂ ಬೈಯುತ್ತಿದ್ದೆ.

‘ಹಾಗಾದ್ರೆ ಆಫೀಸರನ್ನ ಪ್ರೀತಿಸಿದ್ದು ಅವನೇ. ಆ ಹುಡುಗಿಯ ಹೃದಯ ಅಲ್ಲ’ ಎಂದರು ಟೀಚರ್. ಮೊದಲ ಸಲ ನಕ್ಕರು. ಆಮೇಲೆ ನಗು ನಿಂತಿತು. ‘ಆದ್ರೂ ಆ ಹುಡುಗೀದು ಅಂತ ಏನೋ ಒಂದು ಉಳೀತಲ್ಲ ಡಾಕ್ಟ್ರೇ. ಅಪ್ಪಂದು ಏನೂ ಉಳೀಲಿಲ್ಲ.’

ಅವರ ತಂದೆ ತೀರಿಕೊಂಡದ್ದು 2021ರ ಮೇ ತಿಂಗಳಲ್ಲಿ, ಕೋವಿಡ್ಡಿನ ಎರಡನೆಯ ಅಲೆಯಲ್ಲಿ. ಆಸ್ಪತ್ರೆಯೊಳಗೆ ಒಂಬತ್ತು ದಿನ ಇದ್ದರು, ಯಾರನ್ನೂ ಬಿಡಲಿಲ್ಲ. ಕೊನೆಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹೊರತಂದರು. ತಮ್ಮ ಒಬ್ಬನೇ ನೀಲಿ ಕಿಟ್ ಹಾಕಿಕೊಂಡು ಹತ್ತಿರ ಹೋದ. ಇವರು ಇಪ್ಪತ್ತು ಅಡಿ ದೂರದಲ್ಲಿ ನಿಂತಿದ್ದರು. ಮುಖ ಕಾಣಲಿಲ್ಲ. ಹದಿಮೂರನೆಯ ದಿನದ ಊಟಕ್ಕೆ ಜನ ಸೇರುವಂತಿರಲಿಲ್ಲ. ಆ ವಾರವೇ ಅತ್ತೆಗೂ ಜ್ವರ ಬಂತು, ಅವರ ಆರೈಕೆ, ಮಗನ ಪರೀಕ್ಷೆ, ಶಾಲೆಯ ಆನ್‌ಲೈನ್ ಪಾಠ. ಅಳಲು ಸಮಯವಿರಲಿಲ್ಲ ಎಂದರು. ಬೇಕೆಂದಾಗ ಅಳು ಬರಲಿಲ್ಲ. ಆ ವರ್ಷ ದೀಪಾವಳಿ ರಜೆಯಲ್ಲಿ ಈ ಧಾರಾವಾಹಿ ಹಾಕಿಕೊಂಡರು. ಸತ್ತವಳ ಕೈಬರಹವನ್ನು ಒಬ್ಬ ಪರದೇಶದ ಹುಡುಗ ಓದುತ್ತಿದ್ದ. ಅಲ್ಲಿ ಒಡೆಯಿತು.

ಅಂದರೆ, ಮನೆಯವರು ಮೂರು ನಾಲ್ಕು ವರ್ಷದಿಂದ ‘ಥಾಯ್ ಹುಡುಗರಿಗಾಗಿ ಅಳುತ್ತಾಳೆ’ ಎಂದು ಹಾಸ್ಯ ಮಾಡುತ್ತಿದ್ದ ಅಳು ಅಪ್ಪನಿಗೆ ಸೇರಿದ್ದಾಗಿತ್ತು. ಇದನ್ನು ನಾನು ಹೇಳಲಿಲ್ಲ, ಅವರಿಗೆ ಅದು ಗೊತ್ತಿತ್ತು. ಹೇಳಿಕೊಳ್ಳಲು ಯಾರೂ ಇರಲಿಲ್ಲ ಅಷ್ಟೇ.

ನಮ್ಮಲ್ಲಿ ಸಾವು ಬಂದಾಗ ಹತ್ತು ಜನ ಬಂದು ಅಳಿಸುತ್ತಾರೆ. ಅದು ತೋರಿಕೆ ಎಂದು ಓದಿದವರು ಮೂಗು ಮುರಿಯುವುದುಂಟು, ನಾನೂ ಹಿಂದೆ ಮುರಿದಿದ್ದೇನೆ. ಆ ಎರಡು ವರ್ಷ ಅದು ನಿಂತುಹೋಯಿತು. ಆಗ ಅಳದವರು ನನ್ನ ಕ್ಲಿನಿಕ್ಕಿಗೆ ಇಂದಿಗೂ ಬರುತ್ತಾರೆ. ಬೆನ್ನು ನೋವು ಎನ್ನುತ್ತಾರೆ, ಗ್ಯಾಸ್ ಎನ್ನುತ್ತಾರೆ, ತಲೆ ಭಾರ ಎನ್ನುತ್ತಾರೆ. ದುಃಖ ಆರು ತಿಂಗಳು, ವರ್ಷ ಕಳೆದರೂ ಒಂದಿಷ್ಟೂ ಸಡಿಲವಾಗದೆ, ನಿತ್ಯದ ಕೆಲಸವನ್ನೇ ಮಾಡಗೊಡದಂತೆ ಹಿಡಿದಿಟ್ಟರೆ ಅದಕ್ಕೆ ಮನೋವೈದ್ಯರ ನೆರವು ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿಯಲ್ಲಿ ಇಂಥ ದೀರ್ಘ ದುಃಖಕ್ಕೂ ಈಗ ಒಂದು ಹೆಸರಿದೆ. ಟೀಚರ್ ಆ ಮಟ್ಟಕ್ಕೆ ಹೋಗಿರಲಿಲ್ಲ. ಪಾಠ ಹೇಳುತ್ತಿದ್ದರು, ಮನೆ ನಡೆಸುತ್ತಿದ್ದರು, ನಗುತ್ತಲೂ ಇದ್ದರು. ಅಳಲು ಅವರಿಗೊಂದು ಜಾಗ ಬೇಕಿತ್ತು. ಅದು ಸಿಕ್ಕಿದ್ದು ಆರು ಅಂಗುಲದ ಪರದೆಯಲ್ಲಿ.

ಯಜಮಾನರನ್ನು ಒಳಗೆ ಕರೆದೆ. ಅವರಿಗೆ ತಮ್ಮ ಬಿ.ಪಿ.ಯ ಚಿಂತೆಗಿಂತ ಇನ್ನೊಂದು ಚಿಂತೆ ಹೆಚ್ಚಾಗಿತ್ತು. ‘ಮಗ ಪಿ.ಯು.ಸಿ. ಓದ್ತಿದಾನೆ ಡಾಕ್ಟ್ರೇ. ಮನೇಲಿ ಇಂಥದ್ದು ನಡೀತಿದ್ರೆ ಅವನೂ ಹಾಗಾಗಿಬಿಟ್ರೆ?’

ಈ ಪ್ರಶ್ನೆ ನಿಮ್ಮಲ್ಲೂ ಹಲವರಿಗೆ ಇರುತ್ತದೆ, ಆದ್ದರಿಂದ ನೇರವಾಗಿ ಉತ್ತರಿಸುತ್ತೇನೆ. ಇಲ್ಲ. ಧಾರಾವಾಹಿ ನೋಡಿ ಯಾರೂ ಸಲಿಂಗಪ್ರೇಮಿಗಳಾಗುವುದಿಲ್ಲ. ನಮ್ಮ ದೇಶದ ಸಲಿಂಗಪ್ರೇಮಿಗಳೆಲ್ಲ ಬೆಳೆದದ್ದು ಗಂಡು ಹೆಣ್ಣಿನ ಪ್ರೇಮದ ಚಲನಚಿತ್ರಗಳನ್ನೇ ನೋಡಿಕೊಂಡು. ನೋಡಿದ್ದರಿಂದ ಮನುಷ್ಯ ಬದಲಾಗುವುದಿದ್ದರೆ ಅವರು ಎಂದೋ ಬದಲಾಗಬೇಕಿತ್ತು. ಮತ್ತು ಅದು ಕಾಯಿಲೆಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಅದನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ನಾನು ಎಂ.ಬಿ.ಬಿ.ಎಸ್. ಓದುವಾಗ ನ್ಯಾಯವೈದ್ಯಶಾಸ್ತ್ರದ ಪುಸ್ತಕದಲ್ಲಿ ಈ ವಿಷಯ ಇನ್ನೂ ಅಪರಾಧಗಳ ಅಧ್ಯಾಯದಲ್ಲಿತ್ತು, ನಾವು ಹಾಗೇ ಬಾಯಿಪಾಠ ಮಾಡಿ ಪಾಸಾದೆವು. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆಯಿರುವ ವಯಸ್ಕರ ಇಂಥ ಸಂಬಂಧ ಅಪರಾಧವಲ್ಲ ಎಂದು ತೀರ್ಪಿತ್ತಿತು. ‘ಸರಿಪಡಿಸುತ್ತೇವೆ’ ಎಂದು ಇದಕ್ಕೆ ಚಿಕಿತ್ಸೆ ಕೊಡುವುದು ವೃತ್ತಿಯ ದುರ್ನಡತೆ ಎಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿತು. ಥಾಯ್ಲೆಂಡಿನಲ್ಲಂತೂ 2025ರ ಜನವರಿಯಿಂದ ಇಂಥ ಜೋಡಿಗಳು ಕಾನೂನುಬದ್ಧವಾಗಿ ಮದುವೆಯಾಗಬಹುದು. ಆಗ್ನೇಯ ಏಷ್ಯಾದಲ್ಲಿ ಅದೇ ಮೊದಲ ದೇಶ. ಹಾಗಂತ ಅಲ್ಲಿನ ಎಲ್ಲ ಮನೆಗಳೂ ಧಾರಾವಾಹಿಯ ಮನೆಗಳಂತೆ ಎಂದು ತಿಳಿಯಬೇಡಿ. ಪ್ರತಿ ಸಂಸಾರದಲ್ಲೂ ಅಪ್ಪ ಅಮ್ಮ ಇದ್ದೇ ಇರುತ್ತಾರೆ.

‘ನಿಮ್ಮ ಮಗ ಹಾಗಿಲ್ಲದಿದ್ದರೆ ಅಮ್ಮನ ಮೊಬೈಲಿನಿಂದ ಹಾಗಾಗುವುದಿಲ್ಲ. ಹಾಗಿದ್ದರೆ, ಮನೆಯಲ್ಲಿ ಅದನ್ನು ಹೇಳಿಕೊಳ್ಳಬಹುದಾದ ಒಬ್ಬರಿದ್ದಾರೆ ಎಂಬುದು ಅವನ ಪ್ರಾಣಕ್ಕೆ ಒಳ್ಳೆಯದು’ ಎಂದೆ. ಯಜಮಾನರು ಉತ್ತರ ಕೊಡಲಿಲ್ಲ. ಮುಖ ಗಂಟಾಗಿತ್ತು. ಹತ್ತು ನಿಮಿಷದ ಮಾತಿನಲ್ಲಿ ಐವತ್ತೈದು ವರ್ಷದ ಅಭಿಪ್ರಾಯ ಬದಲಾಗುತ್ತದೆಂದು ನಾನೂ ಭಾವಿಸಿರಲಿಲ್ಲ.

ಇದೆಲ್ಲ ಹೇಳಿ, ಈ ಅಭಿಮಾನದಲ್ಲಿ ಕೆಡುಕೇ ಇಲ್ಲವೆಂದರೆ ಸುಳ್ಳಾದೀತು. ತೆರೆಯ ಮೇಲಿನ ಜೋಡಿ ತೆರೆಯ ಹೊರಗೂ ಜೋಡಿಯೇ ಇರಬೇಕೆಂದು ಅಭಿಮಾನಿಗಳು ಹಟ ಹಿಡಿಯುತ್ತಾರೆ. ಕಂಪನಿಗಳೂ ಅದಕ್ಕೆ ತಿದಿ ಒತ್ತುತ್ತವೆ. ಸಾವಿರ ನಕ್ಷತ್ರದ ಕತೆಯ ಆ ಇಬ್ಬರು ನಟರೇ 2023ರ ‘ಮೂನ್‌ಲೈಟ್ ಚಿಕನ್’ನಲ್ಲಿ ಮತ್ತೆ ಜೋಡಿಯಾಗಿ ಬಂದರು, ಒಬ್ಬ ಕೋಳಿ-ಅನ್ನದ ಅಂಗಡಿಯವನಾಗಿ. ಇಂಥ ಜೋಡಿಗೆ ಥಾಯ್ ಭಾಷೆಯಲ್ಲಿ ‘ಖೂ ಜಿನ್’ ಎನ್ನುತ್ತಾರೆ. ‘ಖೂ’ ಎಂದರೆ ಜೋಡಿ. ‘ಜಿನ್’ ಎಂಬುದು ಕಲ್ಪಿಸಿಕೋ ಎನ್ನುವ ‘ಇಮ್ಯಾಜಿನ್’ ಎಂಬ ಇಂಗ್ಲಿಷ್ ಮಾತಿನ ತುಂಡು. ಕಲ್ಪನೆಯ ಜೋಡಿ ಎಂದು ಹೆಸರಲ್ಲೇ ಒಪ್ಪಿಕೊಂಡಿದ್ದಾರೆ! ಹಾಗಿದ್ದೂ ಇಬ್ಬರಲ್ಲೊಬ್ಬ ನಟ ಒಬ್ಬ ಹುಡುಗಿಯ ಜೊತೆ ಕಾಣಿಸಿಕೊಂಡರೆ ಅಭಿಮಾನಿಗಳು ಊಟ ಬಿಡುತ್ತಾರೆ, ಬೈಗುಳ ಬರೆಯುತ್ತಾರೆ. ನಮ್ಮನ್ನು ಅರಿಯದ ನಟನನ್ನು ಆಪ್ತ ಗೆಳೆಯನೆಂದೇ ಮನಸ್ಸು ಲೆಕ್ಕ ಹಾಕುವ ಈ ಒಮ್ಮುಖದ ನಂಟನ್ನು ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರು ವಿದ್ವಾಂಸರು 1956ರಲ್ಲೇ, ಟಿ.ವಿ. ಹೊಸದಾಗಿದ್ದಾಗಲೇ, ಗುರುತಿಸಿ ಬರೆದಿದ್ದರು. ನಂಟು ಇರಲಿ, ಡಾ. ರಾಜ್‌ಕುಮಾರ್ ಅವರ ಚಿತ್ರವನ್ನು ದೇವರ ಮನೆಯಲ್ಲಿಟ್ಟ ಊರು ನಮ್ಮದು. ಅದಕ್ಕಾಗಿ ತಿಂಗಳ ಸಂಬಳದಿಂದ ಫೋಟೋ ಕಾರ್ಡು, ಬೊಂಬೆ ಎಂದು ತರಿಸಿ ಸಾಲವಾದರೆ, ಓದು ನಿಂತರೆ, ಎದುರಿಗಿರುವವರು ಬೇಡವಾದರೆ, ಆಗ ಮಾತಾಡಬೇಕಾಗುತ್ತದೆ.

ಇನ್ನೊಂದನ್ನು ಹದಿಹರೆಯದವರ ತಾಯ್ತಂದೆಯರಿಗೆ ಹೇಳಬೇಕು. ಹಳೆಯ ಕೆಲವು ಧಾರಾವಾಹಿಗಳಲ್ಲಿ ಒಪ್ಪಿಗೆ ಕೇಳದೆ ಮೇಲೆ ಬೀಳುವುದನ್ನೇ ಪ್ರೇಮವೆಂದು ತೋರಿಸಿದ್ದಾರೆ. ನಮ್ಮ ಸಿನಿಮಾದ ನಾಯಕ ನಾಯಕಿಯನ್ನು ಬೆನ್ನಟ್ಟಿದ ಹಾಗೆ. ಅದು ಯಾರು ಯಾರಿಗೆ ಮಾಡಿದರೂ ತಪ್ಪು ಎಂದು ಮಕ್ಕಳಿಗೆ ಹೇಳಿ. ‘ಅಂಟಿಲ್ ವಿ ಮೀಟ್ ಅಗೇನ್’ ಎಂಬ ಜನಪ್ರಿಯ ಧಾರಾವಾಹಿ, ಮನೆಯವರು ಒಪ್ಪದ ಇಬ್ಬರು ಹುಡುಗರು ಪ್ರಾಣ ಕಳೆದುಕೊಂಡು, ಮರುಜನ್ಮದಲ್ಲಿ ಸೇರುವ ಕತೆ. ಕತೆಯಾಗಿ ಚೆನ್ನಾಗಿರಬಹುದು. ಮರುಜನ್ಮದ ಭರವಸೆ ಕೊಡಲು ವೈದ್ಯಶಾಸ್ತ್ರಕ್ಕೆ ಆಗುವುದಿಲ್ಲ. ಅದನ್ನು ನೋಡಿದ ಮಗು ‘ಸತ್ತರೆ ಎಲ್ಲ ಸರಿಹೋಗುತ್ತದೆ’ ಎಂಬಂಥ ಮಾತು ಆಡಿದರೆ ಬೈಯಬೇಡಿ, ಕೂರಿಸಿಕೊಂಡು ಪೂರ್ತಿ ಕೇಳಿ. 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್ ಸೇವೆ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕಾಸು ಬೇಡ, ಕನ್ನಡದಲ್ಲಿ ಮಾತಾಡಬಹುದು, ರಾತ್ರಿಯೂ ಇರುತ್ತದೆ.

ಒಳ್ಳೆಯದಾದದ್ದನ್ನೂ ಹೇಳಿಬಿಡುತ್ತೇನೆ. ಅದೇ ‘ಮೂನ್‌ಲೈಟ್ ಚಿಕನ್’ನಲ್ಲಿ ಕಿವಿ ಕೇಳದ ಒಬ್ಬ ಹುಡುಗನಿದ್ದಾನೆ. ಅವನೊಂದಿಗೆ ಮಾತಾಡಲೆಂದೇ ಅಂಗಡಿಯವನ ಸೋದರಳಿಯ ಸನ್ನೆ ಭಾಷೆ ಕಲಿಯುತ್ತಾನೆ. ಅದನ್ನು ನೋಡಿದ ಮಾರನೆಯ ವಾರ ಟೀಚರ್ ತಮ್ಮ ತರಗತಿಯ ಕಿವಿ ಮಂದವಿರುವ ಹುಡುಗನನ್ನು ಮುಂದಿನ ಬೆಂಚಿಗೆ ತಂದು ಕೂರಿಸಿದರಂತೆ. ಬೋರ್ಡಿನ ಕಡೆ ತಿರುಗಿಕೊಂಡು ಪಾಠ ಹೇಳುವುದನ್ನು ನಿಲ್ಲಿಸಿದರಂತೆ. ತುಟಿ ನೋಡಿ ಅರ್ಥ ಮಾಡಿಕೊಳ್ಳುವ ಮಗುವಿಗೆ ಟೀಚರಿನ ಬೆನ್ನು ಕಂಡರೆ ಪಾಠ ಮುಗಿದಂತೆಯೇ. ಈ ವಿಷಯ ಹೇಳುವಾಗ ಅವರ ದನಿ ಗಟ್ಟಿಯಾಗಿತ್ತು. ನಾವು ಕಿವಿ ಪರೀಕ್ಷೆಗೆಂದು ಹುಡುಗನನ್ನು ಕರೆಸಿಕೊಂಡೆವು. ಅವನಿಗೆ ಒಂದು ಕಿವಿ ಸೋರುತ್ತಿತ್ತು. ತಜ್ಞರ ಬಳಿ ಕಳಿಸಿದ್ದೇವೆ.

ಟೀಚರಿಗೆ ನಾನು ಧಾರಾವಾಹಿ ಬಿಡಿ ಎನ್ನಲಿಲ್ಲ. ನಿದ್ರೆ ಮಾತ್ರೆ ನಿಲ್ಲಿಸಿದೆ. ಸಂಜೆ ನಾಲ್ಕರ ನಂತರ ಕಾಫಿ ಇಲ್ಲ ಎಂದೆ. ಕಬ್ಬಿಣದ ಮಾತ್ರೆಯನ್ನು ಅವರು ಬೆಳಗಿನ ಕಾಫಿಯ ಜೊತೆಗೇ ನುಂಗುತ್ತಿದ್ದುದು ಆಗ ತಿಳಿಯಿತು. ಕಾಫಿ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ನಿಂಬೆಹಣ್ಣಿನ ಪಾನಕದ ಜೊತೆ, ಕಾಫಿಗೆ ಎರಡು ಗಂಟೆ ದೂರವಿಟ್ಟು ತೆಗೆದುಕೊಳ್ಳಿ ಎಂದೆ. ಥಾಯ್ ಕಂಪನಿಯವರು ಹಳೆಯ ಕಂತುಗಳನ್ನು ಯೂಟ್ಯೂಬಿಗೆ ನಾಲ್ಕು ತುಂಡು ಮಾಡಿ ಹಾಕಿದ್ದಾರೆ. ಅದು ನನಗೆ ಅನುಕೂಲವೇ ಆಯಿತು: ರಾತ್ರಿಗೆ ಒಂದು ತುಂಡು, ಹತ್ತೂವರೆಗೆ ಮುಗಿಯಬೇಕು, ಮೊಬೈಲ್ ಮಲಗುವ ಕೋಣೆಗೆ ಬರಕೂಡದು. ಹೊದಿಕೆಯೊಳಗೆ ಬೇಡ, ಹಾಲಿನಲ್ಲಿ, ದೀಪ ಹಾಕಿಕೊಂಡು, ಎಲ್ಲರಿಗೂ ಕಾಣುವಂತೆ ಕೂತು ನೋಡಿ ಎಂದೂ ಹೇಳಿದೆ. ಕೊನೆಯದಕ್ಕೆ ಅವರು ಬಹಳ ಹಿಂಜರಿದರು. ಅಪ್ಪನ ವರ್ಷಾಬ್ದಿಕದ ದಿನ ತಮ್ಮನ ಮನೆಗೆ ಹೋಗಿ ಒಂದು ರಾತ್ರಿ ಉಳಿದು ಬರಲೂ ಹೇಳಿದೆ. ಮೊದಲೆಲ್ಲ ಬೆಳಿಗ್ಗೆ ಹೋಗಿ ಸಂಜೆ ಬಂದುಬಿಡುತ್ತಿದ್ದರಂತೆ.

ಆ ಭಾನುವಾರ ನಾನೂ ಆ ಸಾವಿರ ನಕ್ಷತ್ರದ ಧಾರಾವಾಹಿಯ ಮೊದಲ ಕಂತನ್ನು ನೋಡಿದೆ. ಶಸ್ತ್ರಚಿಕಿತ್ಸೆಯ ದೃಶ್ಯದಲ್ಲಿ ತಪ್ಪು ಹುಡುಕಲೆಂದು ಕುಳಿತವನು ಮೂರನೆಯ ಕಂತಿನವರೆಗೆ ಎದ್ದಿರಲಿಲ್ಲ. ಮನೆಯಾಕೆ ಊಟಕ್ಕೆ ಎರಡು ಸಲ ಕರೆದಿದ್ದಳಂತೆ.

ಎರಡು ತಿಂಗಳ ಮೇಲೆ ಟೀಚರಿನ ಹಿಮೋಗ್ಲೋಬಿನ್ 11.4 ಆಗಿದೆ, ನಾಡಿ 80. ಮಾತ್ರೆ ಇನ್ನೂ ಮೂರು ತಿಂಗಳು ನಡೆಯಬೇಕು. ಯಜಮಾನರು ಬಿ.ಪಿ. ಮಾತ್ರೆಗೆ ತಿಂಗಳಿಗೊಮ್ಮೆ ಬರುತ್ತಾರೆ. ಹೆಂಡತಿ ಏನು ನೋಡುತ್ತಾರೆ ಎಂಬ ಮಾತನ್ನು ಅವರು ಮತ್ತೆ ಎತ್ತಿರಲಿಲ್ಲ, ನಾನೂ ಕೆದಕಿರಲಿಲ್ಲ. ಕಳೆದ ಸಲ ಪಟ್ಟಿ ಬಿಚ್ಚಿಸಿಕೊಂಡು ಶರ್ಟಿನ ತೋಳು ಇಳಿಸುತ್ತ, ಬಾಗಿಲ ತನಕ ಹೋಗಿ, ತಿರುಗಿ ನಿಂತು ಕೇಳಿದರು: ‘ಡಾಕ್ಟ್ರೇ, ನೀವೂ ನೋಡ್ತೀರಂತಲ್ಲ. ಆ ಫಾರೆಸ್ಟ್ ಆಫೀಸರಿಗೆ ಕೊನೆಗಾದ್ರೂ ಗೊತ್ತಾಗುತ್ತಾ, ಹುಡುಗನ ಎದೇಲಿರೋದು ಯಾರ ಹೃದಯ ಅಂತ? ಇವಳು ಹೇಳ್ತಿಲ್ಲ. ಕಾಯ್ಬೇಕಂತೆ, ದಿನಕ್ಕೆ ಒಂದೇ ತುಂಡಂತೆ.’